ಸೈಲೆನ್ಸರಿನ ಹೊಳಪು ಯಾರ ಖರ್ಚಿನಲ್ಲಿ?

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಬೈಕಿನ ಸೈಲೆನ್ಸರ್ ಬಗ್ಗೆ ಬರೆಯೋದಾ ಅಂತ ಕೆಲವು ಗೆಳೆಯರು ನಗಬಹುದು. ನಗಲಿ. ಪ್ರೇಮ, ಮಳೆ, ಊರಿನ ನೆನಪು ಇವುಗಳ ಮೇಲೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದೇ ಮಳೆ ಸೈಲೆನ್ಸರಿಗೆ ಮೆತ್ತುವ ಕೊಳೆಯನ್ನೂ, ಅದನ್ನು ತಿಕ್ಕುವ ಹುಡುಗನ ಕೈಯನ್ನೂ ನೋಡುವವನು ಒಬ್ಬನಾದರೂ ಬೇಡವೇ?

ನಮ್ಮ ವಿಕ್ರೋಳಿಯ ಸಂಗತಿ ಗೊತ್ತೇ ಇದೆ. ಈ ಕಡೆ ಎಲ್.ಬಿ.ಎಸ್. ರಸ್ತೆ, ಆ ಕಡೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಅದರಾಚೆ ಮ್ಯಾಂಗ್ರೋವ್ ಕಾಡು, ಠಾಣೆ ಖಾಡಿಯ ಉಪ್ಪುಗಾಳಿ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಕೆಸರು, ಡಾಂಬರು ಎಲ್ಲಾ ಹಾರಿ ಕಾದ ಕೊಳವೆಯ ಮೇಲೆ ಬೀಳುತ್ತದೆ. ಬಿದ್ದದ್ದು ಅಲ್ಲೇ ಬೆಂದು, ತಳ ಹಿಡಿದ ಅನ್ನದ ಹಾಗೆ ಅಂಟಿಕೊಳ್ಳುತ್ತದೆ. ರೈನ್‌ಕೋಟಿನ ಪ್ಯಾಂಟು ತಾಗಿದರೆ ಪ್ಲಾಸ್ಟಿಕ್ಕೂ ಕರಗಿ ಅದರ ಜೊತೆ ಸೇರುತ್ತದೆ.

ಈ ಕೊಳೆ ಬರೀ ಸಾಬೂನಿಗೆ ಜಗ್ಗುವುದಿಲ್ಲ. ನಾವು ಗ್ಯಾರೇಜಿಗೆ ಹೋಗಿ, ‘ಹತ್ತು ನಿಮಿಷದಲ್ಲಿ ಚಕಾಚಕ್ ಮಾಡಿಕೊಡಿ’ ಅಂತೇವೆ. ಹತ್ತು ನಿಮಿಷದ ಕೆಲಸ ಅಂದರೆ ಪಾಯಿಖಾನೆ ತೊಳೆಯುವ ಆಸಿಡ್, ಇಲ್ಲವೇ ಕಾಸ್ಟಿಕ್ ಸೋಡಾ, ಮೇಲೆ ತಂತಿ ಬ್ರಷ್ಷು. ನನ್ನ ಜೊತೆ ಕನ್ನಡ ಶಾಲೆಯಲ್ಲಿ ಓದಿದ ಒಬ್ಬ ಇವತ್ತು ಇಂಥ ಕೆಲಸದಲ್ಲಿದ್ದಾನೆ. ಬೆರಳ ತುದಿಯ ಚರ್ಮ ಸುಲಿದಿದೆ. ಗ್ಲೌಸ್ ಯಾಕೆ ಹಾಕಲ್ಲ ಅಂತ ಕೇಳಿದರೆ, ‘ಗಿರಾಕಿ ತಲೆ ಮೇಲೇ ನಿಂತಿರ್ತಾನಲ್ಲೋ, ಪುರುಸೊತ್ತೆಲ್ಲಿ?’ ಅಂದ. ಆ ಗಿರಾಕಿ ನಾವೇ.

ಕಾಸ್ಟಿಕ್ ಸೋಡಾಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳು ಟೂ-ಸ್ಟ್ರೋಕ್ ಗಾಡಿಗಳು. ಪೆಟ್ರೋಲಿನ ಜೊತೆ ಆಯಿಲೂ ಉರಿಯುತ್ತಿತ್ತು. ಪೂರ್ತಿ ಉರಿಯದ ಆಯಿಲು ಸೈಲೆನ್ಸರಿನೊಳಗೆ ಮಸಿಯಾಗಿ ಕಟ್ಟಿ, ಹೊಗೆಗೆ ದಾರಿಯಿಲ್ಲದೆ ಗಾಡಿ ಏರಿನಲ್ಲಿ ಎಳೆಯುತ್ತಿರಲಿಲ್ಲ. ಒಳಗಿನದನ್ನು ಬಿಚ್ಚಿ ತೊಳೆಯಲೇಬೇಕಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ರಸ್ತೆಯಲ್ಲಿರುವ ಬೈಕುಗಳು ಹೆಚ್ಚಾಗಿ ಫೋರ್-ಸ್ಟ್ರೋಕ್. ಅವುಗಳಲ್ಲಿ ಹಾಗೆ ಮಸಿ ಕಟ್ಟುವುದಿಲ್ಲ. 2020ರ ಏಪ್ರಿಲಿನಿಂದ ಬಂದ ಬಿ.ಎಸ್.-6 ಗಾಡಿಗಳ ಕೊಳವೆಯೊಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದರಿಂದ ಒಳಗೆ ಏನನ್ನೂ ಸುರಿಯಲೇಬಾರದು. ಅಂದರೆ ಅಂದು ಗಾಡಿ ಓಡಲಿ ಅಂತ ಕೈ ಸುಡುತ್ತಿತ್ತು, ಇಂದು ಬರೀ ಹೊಳಪಿಗಾಗಿ ಸುಡುತ್ತಿದೆ.

ಆ ಹೊಳಪಾದರೂ ಉಳಿಯುತ್ತದೆಯೇ? ಕಾಮರ್ಸಿನಲ್ಲಿ ‘ಡಿಪ್ರಿಸಿಯೇಶನ್’ ಅಂತ ಓದುತ್ತೇವೆ, ಕನ್ನಡದಲ್ಲಿ ಅದು ಸವಕಳಿ. ಇಲ್ಲಿ ಆಗುವುದು ನಿಜವಾದ ಸವಕಳಿಯೇ. ಕೊಳವೆಯ ಮೇಲಿನ ಕ್ರೋಮ್ ಲೇಪ ತಲೆಕೂದಲಿಗಿಂತ ಎಷ್ಟೋ ತೆಳು. ಆಸಿಡ್ ಕೊಳೆಯ ಜೊತೆ ಆ ಲೇಪವನ್ನೂ ತಿನ್ನುತ್ತದೆ. ಕೆಳಗಿನ ಕಬ್ಬಿಣಕ್ಕೆ ಖಾಡಿಯ ಉಪ್ಪುಗಾಳಿ ತಾಗಿದರೆ ತುಕ್ಕು ಗ್ಯಾರಂಟಿ. ಕಾಸ್ಟಿಕ್ ಸೋಡಾ ಪಕ್ಕದ ಎಂಜಿನ್ನಿನ ಅಲ್ಯುಮಿನಿಯಮ್ಮನ್ನು ಕೊರೆಯುತ್ತದೆ.

ಹಾಗಾದರೆ ಕೊಳೆ ಇರಲಿ ಅಂತೀಯಾ ಎಂದರೆ, ಇಲ್ಲ. ಗಾಡಿ ಪೂರ್ತಿ ತಣ್ಣಗಾಗಲಿ. ಸಾಬೂನು ನೀರಿನಲ್ಲಿ ಕೆಸರನ್ನು ನೆನೆಸಿ. ಡಾಂಬರಿಗೆ ಬಟ್ಟೆಯಲ್ಲಿ ಸ್ವಲ್ಪ ಸೀಮೆಎಣ್ಣೆ ಸಾಕು, ಆಮೇಲೆ ಚೆನ್ನಾಗಿ ತೊಳೆಯಬೇಕು. ಪ್ಲಾಸ್ಟಿಕ್ ಅಂಟಿದ್ದರೆ ಗಾಡಿಯನ್ನು ಒಂದೆರಡು ನಿಮಿಷ ಚಾಲೂ ಮಾಡಿ ನಿಲ್ಲಿಸಿ, ಅದು ಮೆತ್ತಗಾದಾಗ ಮರದ ಚಕ್ಕೆಯಿಂದ ಕೆರೆಯಿರಿ. ಕೈ ತಾಗದ ಹಾಗೆ ಜೋಪಾನ. ಉಳಿದದ್ದಕ್ಕೆ ಊಟದ ಡಬ್ಬಿಗೆ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ತಿಕ್ಕಬೇಕು. ಅದು ಕ್ರೋಮಿಗಿಂತ ಮೆತ್ತಗೆ, ಆದ್ದರಿಂದ ಗೀರು ಬೀಳುವುದು ಕಡಿಮೆ. ಕಪ್ಪು ಬಣ್ಣದ ಕೊಳವೆಗೆ ಇದು ಬೇಡ, ಬಣ್ಣವೇ ಹೋದೀತು. ಇನ್ನು ಎಂಜಿನ್ ಹತ್ತಿರ ಕಾಣುವ ನೀಲಿ ಛಾಯೆ ಕೊಳೆಯಲ್ಲ, ಬಿಸಿಗೆ ಲೋಹವೇ ಬಣ್ಣ ತಿರುಗಿದ್ದು. ಅದನ್ನು ತೆಗೆಯೋಕೆ ಆಸಿಡ್ ಕೇಳುವುದು ಬರೀ ದಡ್ಡತನ.

ಇದಕ್ಕೆಲ್ಲಾ ಒಂದು ಭಾನುವಾರ ಬೆಳಿಗ್ಗೆ ಬೇಕು. ಗಾಡಿ ಮಾರುವ ಅವಸರದವರಿಗೆ, ದಿನವಿಡೀ ಡೆಲಿವರಿಗೆ ಓಡುವವರಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು ಅನ್ನಬಹುದು. ಒಪ್ಪುತ್ತೇನೆ. ಅಂಥವರು ಗ್ಯಾರೇಜಿಗೇ ಕೊಡಲಿ. ಆದರೆ ಹತ್ತು ನಿಮಿಷದ ಬದಲು ಒಂದು ಗಂಟೆಯ ಕೂಲಿ ಕೊಡಲಿ. ಆಸಿಡ್ ಬೇಡ, ಗ್ಲೌಸ್ ಹಾಕಿಕೋ ಅಂತ ಬಾಯಿಬಿಟ್ಟು ಹೇಳಲಿ. ತಲೆ ಮೇಲೆ ನಿಲ್ಲದೆ ಆಚೆ ಹೋಗಿ ಒಂದು ಕಟಿಂಗ್ ಚಹಾ ಕುಡಿದು ಬರಲಿ.

ಗಾಡಿಯ ಸವಕಳಿಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯೋದು ಹೇಗೆ ಅಂತ ನಮಗೆ ಕಲಿಸಿದ್ದಾರೆ. ಕೈಯ ಸವಕಳಿಗೆ ಯಾವ ಕಾಲಮ್ಮೂ ಇಲ್ಲ. ಬೈಕ್ ಇಟ್ಟಿರುವ ಗೆಳೆಯರು ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಇದನ್ನು ಯೋಚಿಸಬೇಕು ಅಂತ ನನ್ನ ವಿನಂತಿ.