ವಾರ್ಡಿಗೆ ಅಕ್ಕಯ್‌ ಅಂಥವರು ಬೇಕು

ದೊಡ್ಡನೆಕ್ಕುಂದಿಯ ನನ್ನ ಟೈಲರಿಂಗ್ ಅಂಗಡಿಗೆ ಬ್ಲೌಸ್ ಹೊಲಿಸಲು ಬರುವ ಮಂಗಳಮುಖಿಯೊಬ್ಬರು ಹೊಸ್ತಿಲಾಚೆಯೇ ನಿಲ್ಲುತ್ತಿದ್ದರು. ‘ಒಳಗೆ ಬಾರಮ್ಮ’ ಎಂದು ಸ್ಟೂಲ್ ಎಳೆದು ಹಾಕಿದರೆ ಕಣ್ಣು ತುಂಬಿಕೊಂಡರು. ಅಳತೆ ಟೇಪು ಹಿಡಿದ ನನ್ನ ಕೈ ಅಲ್ಲೇ ನಿಂತಿತು.

ಇದೇ ಬೆಂಗಳೂರಿನ ಅಕ್ಕಯ್ ಪದ್ಮಶಾಲಿ, ತಾನೂ ಮಂಗಳಮುಖಿ ಎಂಬುದನ್ನು ಮುಚ್ಚಿಡದೆ ಹಕ್ಕಿಗಾಗಿ ಬೀದಿಗಿಳಿದವರು. ‘ಒಂದೆಡೆ’ ಸಂಘಟನೆ ಕಟ್ಟಿದರು, 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದರು, ಆಮೇಲೆ ಕಾಂಗ್ರೆಸ್ ಸೇರಿದರು. ಸಲಿಂಗ ಪ್ರೇಮಿಗಳ ಪರವಾಗಿಯೂ ಗಟ್ಟಿಯಾಗಿ ಮಾತಾಡಿದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಆ ಪ್ರೀತಿ ಅಪರಾಧವಲ್ಲ ಎಂದಿತು. ಆದರೆ ಬಾಡಿಗೆ ಮನೆ, ರೇಷನ್ ಕಾರ್ಡು ಕೋರ್ಟಿನಿಂದ ಬರುವುದಿಲ್ಲ; ಅದಕ್ಕೆ ವಾರ್ಡಿನಲ್ಲಿ ಓಡಾಡುವವರು ಬೇಕು.

ಪಕ್ಷಗಳೇ, ಇಂಥವರನ್ನು ಬರೀ ವೇದಿಕೆಗೆ ಕರೆಯಬೇಡಿ, ಟಿಕೆಟ್ ಕೊಡಿ. ನನ್ನ ಓಟು ಅವರಿಗೇ.