ಎಂಜಿನ್ ಸಿಗುತ್ತೆ, ಆರ್‌ಸಿ ಸಿಗಲ್ಲ

ಕಿಡ್ನಿಗೆ ಡೋನರ್ ಹುಡುಕೋರನ್ನ ನೋಡಿದ್ದೀವಿ, ರಕ್ತಕ್ಕೆ ಹುಡುಕೋರನ್ನೂ ನೋಡಿದ್ದೀವಿ. ಕಾರಿಗೂ ಡೋನರ್ ಅಂತ ಒಬ್ಬ ಇರ್ತಾನೆ ಅನ್ನೋದು ಎಷ್ಟು ಜನಕ್ಕೆ ಗೊತ್ತೋ ಕಾಣೆ. ನಮ್ಮ ಬಾಣಸವಾಡಿಯಲ್ಲಿ ಪಕ್ಕದ ಮನೆ ಹುಡುಗ ಆರು ತಿಂಗಳಿಂದ ಅಂಥದ್ದೊಂದನ್ನ ಹುಡುಕ್ತಾ ಇದಾನೆ. "ಅಂಕಲ್, ನಿಮಗೆ ಹಳೇ ಗಾಡಿಯವರೆಲ್ಲ ಗೊತ್ತಲ್ವಾ, ಒಂದು ನೋಡಿ ಕೊಡಿ" ಅಂತ ನನ್ನ ತಲೆ ತಿನ್ನೋದು ಬೇರೆ.

ವಿಷಯ ಇಷ್ಟೇ. ಅವನಿಗೆ ಲೋಟಸ್ ಸೆವೆನ್ ಥರದ ಒಂದು ಪುಟ್ಟ ಸ್ಪೋರ್ಟ್ಸ್ ಕಾರನ್ನ ಮನೆ ಹಿಂದಿನ ಶೆಡ್ಡಲ್ಲಿ ತಾನೇ ಕಟ್ಟಬೇಕು. ಚೌಕ ಪೈಪು ತಂದು ವೆಲ್ಡ್ ಮಾಡಿ ಚಾಸಿ ಮಾಡ್ಕೋತಾನೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಸ್ಟೀರಿಂಗ್, ಬ್ರೇಕು, ವೈರಿಂಗು ಎಲ್ಲಾ ಒಂದೇ ಹಳೇ ಕಾರಿಂದ ಬರಬೇಕು. ಆ ಕಾರೇ ಡೋನರ್. ಬಿಡಿಬಿಡಿಯಾಗಿ ಶಿವಾಜಿನಗರದ ಗುಜರಿಯಲ್ಲಿ ತಗೊಂಡ್ರೆ ಆಗಲ್ವಾ ಅಂದ್ರೆ, ಆಗುತ್ತೆ, ಆದ್ರೆ ಒಂದಕ್ಕೊಂದು ಕೂರಲ್ಲ. ಯಾರ ಗಾಡಿಯದೋ ಏನೋ ಅನ್ನೋ ಭಯ ಬೇರೆ. ಇಡೀ ಕಾರು ತಗೊಂಡು, ಆರ್‌ಸಿ ತನ್ನ ಹೆಸರಿಗೆ ಮಾಡಿಸ್ಕೊಂಡು, ಒಂದು ತಿಂಗಳು ಓಡಿಸಿ, ಎಲ್ಲಿ ಸದ್ದು ಬರುತ್ತೆ ಅಂತ ತಿಳ್ಕೊಂಡು ಆಮೇಲೆ ಬಿಚ್ಚೋದೇ ಸರಿ.

ಇದು ಹೊಸ ಹುಚ್ಚೇನಲ್ಲ. ಕಾಲಿನ್ ಚಾಪ್ಮನ್ ಸೆವೆನ್ ತಂದಿದ್ದು 1957ರಲ್ಲಿ, ಗಿರಾಕಿಗಳೇ ಮನೆಯಲ್ಲಿ ಜೋಡಿಸ್ಕೊಳ್ಳೋ ಕಿಟ್ ಆಗಿ. ರಾನ್ ಚಾಂಪಿಯನ್ ಅನ್ನೋರು 1996ರಲ್ಲಿ, 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟೋದು ಹೇಗೆ ಅಂತ ಒಂದು ಪುಸ್ತಕಾನೇ ಬರೆದ್ರು. ಅವರ ಡೋನರ್ ಹಳೇ ಫೋರ್ಡ್ ಎಸ್ಕಾರ್ಟ್. ಎಂಜಿನ್ ಮುಂದೆ ಉದ್ದುದ್ದ ಕೂತು ಹಿಂದಿನ ಚಕ್ರ ತಿರುಗಿಸೋ ಕಾರು ಅದು. ಸೆವೆನ್ ಥರದ್ದಕ್ಕೆ ಬೇಕಾಗಿರೋದೇ ಆ ಜೋಡಣೆ.

ನಮ್ಮಲ್ಲಿ ಅಂಥದ್ದು ಯಾವುದಿದೆ? ಅಂಬಾಸಡರ್, ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ಕಾಂಟೆಸ್ಸಾ. ಹುಡುಗನ ಕಣ್ಣು ಬಿದ್ದಿದ್ದು ಸುಬ್ಬಯ್ಯನಪಾಳ್ಯದ ಒಂದು ಕಾಂಪೌಂಡಿನ ಪದ್ಮಿನಿ ಮೇಲೆ. ಯಜಮಾನರು ತೀರಿಕೊಂಡಿದ್ದಾರೆ, ಮನೆಯಾಕೆ ಕಡಿಮೆ ಬೆಲೆಗೆ ಕೊಡ್ತೀನಿ ಅಂದ್ರು. "ಯಾರಾದ್ರೂ ಓಡಿಸ್ಕೊಂಡಿರ್ಲಿ ಬಿಡಿ" ಅಂತ ಅವರು ಅಂದಾಗ ಇವನು ಮನಸ್ಸಲ್ಲೇ ಗ್ರೈಂಡರ್ ಹಿಡ್ಕೊಂಡು ನಿಂತಿದ್ದ! ನಾನು ಖಡಾಖಂಡಿತವಾಗಿ ಬೇಡ ಅಂದೆ. ಮುಂಬೈಯಲ್ಲಿ ಕೊನೇ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಇನ್ನು ಉಳಿದಿರೋದು ಇಂಥ ಕಾಂಪೌಂಡುಗಳಲ್ಲಿ ಮಾತ್ರ. ಬಾಡಿ ಗಟ್ಟಿಯಾಗಿರೋ ಕಾರನ್ನ ಆಕ್ಸಲ್ಲಿಗೋಸ್ಕರ ಕೊಯ್ಯೋದು ಡೋನರ್ ಹುಡುಕೋದಲ್ಲ, ಕೊಲೆ. ಆಸ್ಪತ್ರೆಯಲ್ಲೂ ಬದುಕೋ ರೋಗಿಯ ಹೃದಯ ತೆಗೆಯಲ್ಲ ತಾನೇ?

ನನ್ನ ವೋಟು ಮಾರುತಿ ಓಮ್ನಿಗೆ. ನಗಬೇಡಿ :) ತರಕಾರಿ ಹೊತ್ತು, ಶಾಲೆ ಮಕ್ಕಳನ್ನ ಹೊತ್ತು ಸವೆದ ಗಾಡಿ. ಆದ್ರೆ ಸೀಟಿನ ಕೆಳಗಿರೋ 796 ಸಿಸಿ ಎಂಜಿನ್ ಉದ್ದುದ್ದ ಕೂತಿದೆ, ಹಿಂದಿನ ಚಕ್ರಾನೇ ತಿರುಗಿಸುತ್ತೆ. ಪಟ್ಟಿ ಸ್ಪ್ರಿಂಗ್ ತೆಗೆದು ಕಾಯಿಲ್ ಹಾಕೋ ಕೆಲಸ ಇದೆ, ಅಷ್ಟೇ. ಶಕ್ತಿ ಸುಮಾರು 35 ಕುದುರೆ. ಅಷ್ಟರಲ್ಲಿ ಏನಾಗುತ್ತೆ ಅಂತೀರಾ? ಮೊದಲ ಸೆವೆನ್ನಿನ 1172 ಸಿಸಿ ಫೋರ್ಡ್ ಎಂಜಿನ್ನಿಗೆ ಇದ್ದಿದ್ದೇ 40! ಗಾಡಿ ಹಗುರ ಇದ್ರೆ ಸಾಕು. ಓಮ್ನಿ ನಿಂತಿದ್ದು 2019ರಲ್ಲಿ, ಬಾಡಿ ತುಕ್ಕು ಹಿಡಿದ ಓಮ್ನಿಗಾಗಿ ಯಾರೂ ಕಣ್ಣೀರು ಹಾಕಲ್ಲ. ಮಾರುತಿ 800ರ ಎಂಜಿನ್ನನ್ನ ಡ್ರೈವರ್ ಬೆನ್ನ ಹಿಂದೆ ಇಟ್ಟು ಕೊಯಮತ್ತೂರಿನ ಕರಿವರ್ಧನ್ ರೇಸ್ ಕಾರುಗಳನ್ನೇ ಕಟ್ಟಿದ್ರು. ನರೇನ್ ಕಾರ್ತಿಕೇಯನ್ ಶುರು ಮಾಡಿದ್ದು ಅಂಥ ಫಾರ್ಮುಲಾ ಮಾರುತಿಯಲ್ಲೇ.

ಸರಿ, ಓಮ್ನಿ ಸಿಕ್ತು ಅಂತಿಟ್ಕೊಳ್ಳಿ. ನಿಜವಾದ ತಾಪತ್ರಯ ಇರೋದೇ ಮುಂದೆ. ಬಿಚ್ಚಿ ನಾಶ ಮಾಡಿದ ಗಾಡಿಯ ವಿಷಯ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ಕೊಟ್ಟುಬಿಡಬೇಕು, ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್. ಆ ಆರ್‌ಸಿ ಇಟ್ಕೊಂಡು ಹೊಸ ಮೈ ಕೂರಿಸ್ತೀನಿ ಅಂದ್ರೆ 52ನೇ ಸೆಕ್ಷನ್ ಅಡ್ಡ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಬಂತು. ಹೊಸ ಗಾಡಿ ಅಂತಲೇ ನೋಂದಾಯಿಸೋಣ ಅಂದ್ರೆ ಪುಣೆಯ ಎಆರ್‌ಎಐ ಥರದ ಕಡೆ ಮಾದರಿ ಪರೀಕ್ಷೆ ಪಾಸಾಗಬೇಕು. ಅದು ಸಾವಿರಗಟ್ಟಲೆ ಕಾರು ಮಾಡೋ ಕಂಪನಿಗಳಿಗೆ ಹೊಲಿದ ಅಂಗಿ. ನಮ್ಮ ಬೆಂಗಳೂರಿನ ಸ್ಯಾನ್ ಕಂಪನಿಯವರು ರೆನೋ ಎಂಜಿನ್ ಹಾಕಿ ಸ್ಟಾರ್ಮ್ ಮಾಡಿದ್ರಲ್ಲ, ಅವರು ಕಂಪನಿ. ಇವನೊಬ್ಬ ಹುಡುಗ, ಶೆಡ್ಡಲ್ಲಿ.

ಕಾನೂನೇ ಬೇಡ ಅಂತ ನಾನು ಹೇಳ್ತಿಲ್ಲ. ಶನಿವಾರ ರಾತ್ರಿ ಕಮ್ಮನಹಳ್ಳಿ ಮೇನ್ ರೋಡಲ್ಲಿ ಸೈಲೆನ್ಸರ್ ಕಿತ್ತ ಬೈಕುಗಳ ಆರ್ಭಟ ಕೇಳಿದ್ರೆ ಇನ್ನೂ ಬಿಗಿ ಮಾಡ್ಲಿ ಅನ್ಸುತ್ತೆ. ಆದ್ರೆ ಕದ್ದು ಮುಚ್ಚಿ ಮಾಡೋನಿಗೂ, ಬನ್ನಿ ಪರೀಕ್ಷೆ ಮಾಡಿ ಅಂತ ಕರೆಯೋನಿಗೂ ಒಂದೇ ಬಾಗಿಲು ಮುಚ್ಚಿದ್ರೆ ಹೇಗೆ? ಬ್ರಿಟನ್ನಿನಲ್ಲಿ ಐವಿಎ ಅಂತ ಇದೆ, ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಬ್ರೇಕು, ದೀಪ, ಹೊಗೆ, ಚೂಪು ಅಂಚು ಎಲ್ಲಾ ನೋಡಿ ಪಾಸೋ ಫೇಲೋ ಅಂತಾರೆ. ಆ ವಿದ್ಯೆ ನಮ್ಮಲ್ಲೇನು ಇಲ್ವಾ? ಆರ್‌ವಿ ಕಾಲೇಜಿನ ಅಶ್ವ ರೇಸಿಂಗ್ ಹುಡುಗರು 2003ರಿಂದ ಕಾರು ಕಟ್ತಾ ಇದಾರೆ. ಅಂಥ ಸ್ಪರ್ಧೆಗಳಲ್ಲಿ ಕಾರನ್ನ 60 ಡಿಗ್ರಿ ವಾಲಿಸಿ ಪೆಟ್ರೋಲ್ ಸೋರುತ್ತಾ ಅಂತ ನೋಡ್ತಾರೆ, ಬ್ರೇಕ್ ತುಳಿದ್ರೆ ನಾಲ್ಕೂ ಚಕ್ರ ಲಾಕ್ ಆಗಲೇಬೇಕು. ಅದೇ ಪರೀಕ್ಷೆಗಳ ಜೊತೆ ರಸ್ತೆಗೆ ಬೇಕಾದ್ದನ್ನೂ ಸೇರಿಸಿ, ಹತ್ತಿಪ್ಪತ್ತು ಸಾವಿರ ಫೀಸ್ ಇಸ್ಕೊಂಡು ಮಾಡಲಿ, ಯಾರು ಬೇಡ ಅಂತಾರೆ?

ಅಲ್ಲಿವರೆಗೆ ಈ ಕಾರನ್ನ ಟೆಂಪೋ ಮೇಲೆ ಹೇರ್ಕೊಂಡು ಶ್ರೀಪೆರಂಬುದೂರು, ಕೊಯಮತ್ತೂರಿನ ಟ್ರ್ಯಾಕಿನವರನ್ನ ಕೇಳಬೇಕಷ್ಟೇ. ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಸಪ್ಪಗಾದ, ಆದ್ರೆ ಬಿಡೋ ಜಾತಿ ಅಲ್ಲ. ಅವನ ಅಮ್ಮ ಇದೇ ದುಡ್ಡಲ್ಲಿ ಒಂದು ಸ್ಕೂಟರ್ ತಗೋ ಅಂತಿದ್ದಾರೆ. ಪದ್ಮಿನಿಯ ಆಸೆ ಬಿಟ್ಟಿದ್ದಾನೆ, ಸದ್ಯ. ಹೊರಮಾವು, ಹೆಣ್ಣೂರು, ಕೆ.ಆರ್. ಪುರಂ ಕಡೆ ಯಾರಿಗಾದ್ರೂ ಬಾಡಿ ತೂತು ಬಿದ್ದ, ಗೇರ್‌ಬಾಕ್ಸ್ ಚೆನ್ನಾಗಿರೋ ಪೆಟ್ರೋಲ್ ಓಮ್ನಿ ಕಂಡ್ರೆ ತಿಳಿಸಿ. ಆರ್‌ಸಿ ಇರಲೇಬೇಕು. ಎಲ್‌ಪಿಜಿ ಬೇಡ.