ಕರಗಿದವರು ಯಾರು?

ಮಹಾರಾಷ್ಟ್ರದ ನಿಲಂಗಾ ತಾಲ್ಲೂಕಿನ ಗಡಿ ಊರು ಔರಾದ ಶಹಾಜನಿಯ ಕನ್ನಡಿಗರು ಮರಾಠಿಯಲ್ಲಿ ಕರಗಿಹೋಗಿದ್ದಾರೆ, ಬೆಂಗಳೂರಿನಿಂದ ಹೋದವರಿಗೆ ಅಲ್ಲಿ ಎಲ್ಲವೂ ಪರಕೀಯ ಎಂದು ಗಡಿ ಕನ್ನಡಿಗರ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಪರಕೀಯವಾದರೆ ಕಲಬುರಗಿಯೂ ಪರಕೀಯವೇ ಆಗಬೇಕು. ಅವರು ಕಂಡದ್ದು ಮರಾಠಿ ಪ್ರಭಾವವಲ್ಲ, ತಮಗೆ ಗೊತ್ತಿಲ್ಲದ ಕನ್ನಡ ಬದುಕು.

ಎಳ್ಳ ಅಮಾಸಿಯನ್ನೇ ನೋಡಿ. ಬೀದರ ಸೀಮೆಯ ರೈತರು ಅಂದು ಮನೆಮಂದಿಯೊಡನೆ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಭಜ್ಜಿ, ರೊಟ್ಟಿ, ಅಂಬಲಿ ಉಣ್ಣುತ್ತಾರೆ. ಲಾತೂರು, ಧಾರಾಶಿವ ಜಿಲ್ಲೆಗಳ ಮರಾಠಿಗರೂ ಅದೇ ಹಬ್ಬವನ್ನು ವೇಳ ಅಮಾವಾಸ್ಯೆ ಎಂದು ಅಷ್ಟೇ ಸಡಗರದಿಂದ, ಅದೇ ಭಜ್ಜಿ ಅಂಬಲಿಯೊಡನೆ ಮಾಡುತ್ತಾರೆ. ಮಹಾರಾಷ್ಟ್ರದ ಉಳಿದ ಭಾಗಗಳಲ್ಲಿ ಈ ಆಚರಣೆ ಇಷ್ಟು ದೊಡ್ಡದಲ್ಲ. ಹಾಗಾದರೆ ಯಾರು ಯಾರಲ್ಲಿ ಕರಗಿದರು?

ಈಗ ಲಾತೂರು ಜಿಲ್ಲೆಯಲ್ಲಿರುವ ನಿಲಂಗಾ, ಉದಗೀರ ತಾಲ್ಲೂಕುಗಳು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿಯ ಗೆರೆ ಬಿದ್ದಮೇಲೂ ಭಾಲ್ಕಿ, ಬಸವಕಲ್ಯಾಣಗಳ ಕಡೆಯ ಬೀಗತನ ನಿಂತಿಲ್ಲ.

ಆತಂಕಪಡಬೇಕಾದ ಸಂಗತಿ ಬೇರೆಯೇ ಇದೆ. ಆ ಊರುಗಳಲ್ಲಿ ಮನೆಯೊಳಗೆ ಕನ್ನಡ ಆಡುವ ಎಷ್ಟೋ ಮಕ್ಕಳು ಶಾಲೆಯಲ್ಲಿ ಮರಾಠಿ ಅಕ್ಷರವನ್ನಷ್ಟೇ ಕಲಿಯುತ್ತಾರೆ. ಕನ್ನಡ ಪುಸ್ತಕ ಕೊಟ್ಟರೆ ಓದಲಾರರು. ಗಡಿ ಕನ್ನಡಿಗರ ಊಟ, ಉಡುಗೆಯನ್ನು ಅಷ್ಟು ಉದ್ದಕ್ಕೆ ಅಳೆದ ಲೇಖಕರು ಆ ಮಕ್ಕಳ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ.